ಅರ್ಧ ಮೂಡಿದ ಹೆಸರು

ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಓದಿದವರಿಗೆಲ್ಲ 1453 ಎಂಬ ಇಸವಿ ನೆನಪಿರುತ್ತದೆ. ಆ ವರ್ಷ ಅಟೊಮನ್ ತುರ್ಕರು ಕಾನ್‌ಸ್ಟಾಂಟಿನೋಪಲ್ ನಗರವನ್ನು ವಶಪಡಿಸಿಕೊಂಡರು, ಅದರಿಂದಾಗಿ ಯುರೋಪಿನವರು ಭಾರತಕ್ಕೆ ಹೊಸ ಜಲಮಾರ್ಗ ಹುಡುಕತೊಡಗಿದರು ಎಂದು ಎರಡು ಅಂಕದ ಉತ್ತರ ಬರೆದು ನಾವು ಮುಂದಿನ ಪ್ರಶ್ನೆಗೆ ಹೋಗುತ್ತಿದ್ದೆವು. ಅಲ್ಲಿಯವರೆಗೆ ಆ ನಗರವನ್ನು ಆಳುತ್ತಿದ್ದವರು ಯಾರು, ಅಲ್ಲಿನ ಜನ ಪೇಟೆಗೆ ಹೋಗುವಾಗ ಚೀಲದಲ್ಲಿ ಯಾವ ಕಾಸು ಹಾಕಿಕೊಂಡು ಹೋಗುತ್ತಿದ್ದರು ಎಂಬುದು ನಮ್ಮ ಪುಸ್ತಕದಲ್ಲಿ ಇರಲಿಲ್ಲ. ಕಳೆದ ಹನ್ನೊಂದು ವರ್ಷಗಳಿಂದ ನಾನು ಕೂಡಿಸುತ್ತಿರುವುದು ಆ ಕಾಸುಗಳನ್ನೇ: 1261ರಿಂದ 1453ರವರೆಗೆ ಪಾಲಿಯೊಲೊಗೊಸ್ ಮನೆತನದ ದೊರೆಗಳ ಕಾಲದಲ್ಲಿ ಅಚ್ಚಾದ, ರೋಮ್ ಸಾಮ್ರಾಜ್ಯದ ಪೂರ್ವ ಭಾಗವಾಗಿ ಉಳಿದುಬಂದ ಬೈಜಾಂಟೈನ್ ಸಾಮ್ರಾಜ್ಯದ ಕೊನೆಯ ನಾಣ್ಯಗಳನ್ನು. ನನ್ನಲ್ಲಿರುವುದು ಅರವತ್ತಮೂರು ಮಾತ್ರ. ಅವುಗಳಲ್ಲಿ ದೊರೆಯ ಹೆಸರನ್ನು ಪೂರ್ತಿಯಾಗಿ ಓದಬಹುದಾದವು ಒಂಬತ್ತು.

ಈ ಆಸಕ್ತಿ ಹುಟ್ಟಿದ್ದು ನಾನಿರುವ ಊರಿನಿಂದ. ನಾನು ದಂತವೈದ್ಯೆ, ಲಂಡನ್ನಿನ ಆಗ್ನೇಯ ಭಾಗದಲ್ಲಿ, ಎಲ್ಥಮ್ ಎಂಬಲ್ಲಿ ಮನೆ. ನಮ್ಮ ಬೀದಿಯಿಂದ ಹದಿನೈದು ನಿಮಿಷ ನಡೆದರೆ ಎಲ್ಥಮ್ ಅರಮನೆ ಸಿಗುತ್ತದೆ. 1400ನೇ ಇಸವಿಯ ಡಿಸೆಂಬರಿನಲ್ಲಿ ಬೈಜಾಂಟೈನ್ ಚಕ್ರವರ್ತಿ ಎರಡನೇ ಮ್ಯಾನ್ಯುಯೆಲ್ ಇಂಗ್ಲೆಂಡಿಗೆ ಬಂದು, ನಾಲ್ಕನೇ ಹೆನ್ರಿಯ ಅತಿಥಿಯಾಗಿ ಆ ವರ್ಷದ ಕ್ರಿಸ್‌ಮಸ್ ಹಬ್ಬವನ್ನು ಕಳೆದದ್ದು ಅಲ್ಲಿಯೇ. ಅವನ ರಾಜಧಾನಿಯನ್ನು ಸುಲ್ತಾನ ಬಾಯಜೀದ್‌ನ ಸೇನೆ ಮುತ್ತಿತ್ತು. ಹಣ ಮತ್ತು ಸೈನ್ಯದ ನೆರವು ಬೇಡಿಕೊಂಡು ಆತ ಯುರೋಪಿನ ಒಬ್ಬೊಬ್ಬ ದೊರೆಯ ಬಾಗಿಲಿಗೂ ಹೋಗಿದ್ದ. ಈಗ ಅಲ್ಲಿ ನಿಂತಿರುವ ದೊಡ್ಡ ಸಭಾಂಗಣ 1470ರ ದಶಕದ್ದು, ಮ್ಯಾನ್ಯುಯೆಲ್ ಕುಳಿತ ಅಂಗಳವಲ್ಲ. ಆದರೂ ಭಾನುವಾರದ ಸಂಜೆ ಅಲ್ಲಿ ತಿರುಗಾಡುವಾಗಲೆಲ್ಲ ಆ ದೊರೆಯ ಕೈಯಲ್ಲಿ ಆಗ ಎಂಥ ಹಣವಿತ್ತು ಎಂಬ ಪ್ರಶ್ನೆ ನನ್ನನ್ನು ಕಾಡತೊಡಗಿತು. ಕೊನೆಗೆ ನಾನು ಕೊಂಡ ಮೊದಲ ನಾಣ್ಯ ಅವನದೇ ಆಯಿತು. ಅದು ಅರ್ಧ ಸ್ಟಾವ್ರಾಟನ್ ಎಂಬ ಬೆಳ್ಳಿಯ ನಾಣ್ಯ, ತೂಕ 3.58 ಗ್ರಾಂ. ಒಂದು ಬದಿಗೆ ಕ್ರಿಸ್ತನ ಮುಖ, ಇನ್ನೊಂದು ಬದಿಗೆ ಪ್ರಭಾವಳಿಯ ನಡುವೆ ಗಡ್ಡಧಾರಿ ಚಕ್ರವರ್ತಿಯ ಮುಖ. ಕಣ್ಣಿಗೆ ಎರಡು ಚುಕ್ಕೆ, ಮೂಗಿಗೆ ಒಂದು ಗೀಟು, ಗಡ್ಡಕ್ಕೆ ನಾಲ್ಕು ಗೆರೆ, ಅಷ್ಟೇ. ಶತಮಾನಗಳ ಕಾಲ ಜಗತ್ತಿನ ಅತ್ಯಂತ ನಂಬಿಕಸ್ಥ ಚಿನ್ನದ ನಾಣ್ಯವನ್ನು ಹೊಡೆದ ರಾಜ್ಯ ಕೊನೆಗೆ ಈ ಚಿತ್ರಕ್ಕೆ ಬಂದು ನಿಂತದ್ದು ಹೇಗೆ ಎಂದು ತಿಳಿಯುವ ಹಂಬಲವೇ ಉಳಿದ ಅರವತ್ತೆರಡನ್ನು ತಂದಿತು.

ಈ ನಾಣ್ಯಗಳ ಮೊದಲ ವಿಶೇಷ ಅವುಗಳ ಆಕಾರ. 1092ರಲ್ಲಿ ಚಕ್ರವರ್ತಿ ಮೊದಲನೇ ಅಲೆಕ್ಸಿಯೊಸ್ ಕೊಮ್ನೆನೊಸ್ ಹಣದ ವ್ಯವಸ್ಥೆಯನ್ನು ಹೊಸದಾಗಿ ಕಟ್ಟಿದಾಗ, ಚಿನ್ನದ ನಾಣ್ಯವೂ ಅದರ ಕೆಳಗಿನ ಬೆರಕೆ ಲೋಹದ ನಾಣ್ಯಗಳೂ ಆಳವಿಲ್ಲದ ಬಟ್ಟಲಿನಂತೆ ಬಾಗಿರುವ ರೂಪದಲ್ಲಿ ನೆಲೆ ನಿಂತವು. ಬೆರಕೆ ಲೋಹದ ಬಟ್ಟಲು ನಾಣ್ಯಕ್ಕೆ ಟ್ರಾಖಿ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಆ ಮಾತಿಗೆ ಒರಟು, ಸಮತಟ್ಟಿಲ್ಲದ್ದು ಎಂಬ ಅರ್ಥವಿದೆ. ಉಬ್ಬಿದ ಬದಿಯಲ್ಲಿ ಕ್ರಿಸ್ತ, ಮರಿಯಮ್ಮ ಅಥವಾ ಒಬ್ಬ ಸಂತನ ಚಿತ್ರ ಇರುತ್ತದೆ. ತಗ್ಗಿನ ಬದಿಯಲ್ಲಿ ಚಕ್ರವರ್ತಿ ಇರುತ್ತಾನೆ. ಬಾಗಿದ ಬಿಲ್ಲೆಯ ಮೇಲೆ ಅಚ್ಚನ್ನು ಒಂದೇ ಪೆಟ್ಟಿಗೆ ಒತ್ತಲು ಬರುವುದಿಲ್ಲವಾದ್ದರಿಂದ ಕಮ್ಮಟದವರು ಅಚ್ಚನ್ನು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಓರೆ ಮಾಡಿ ಎರಡು ಪೆಟ್ಟು ಹಾಕುತ್ತಿದ್ದರು. ಎರಡು ಪೆಟ್ಟುಗಳ ಸಂದಿನಲ್ಲಿ ಸಂತನ ಮೂಗು ಅಳಿಸಿಹೋಗುತ್ತದೆ ಇಲ್ಲವೇ ಎರಡಾಗಿ ಮೂಡುತ್ತದೆ. ಒಂದು ಪೆಟ್ಟು ಬಲವಾಗಿ ಬಿದ್ದು ಇನ್ನೊಂದು ಸೋತರೆ ಅರ್ಧ ಚಿತ್ರ ಮಾತ್ರ ಉಳಿಯುತ್ತದೆ. ಹೀಗಾಗಿ ಈ ಕಾಲದ ನಾಣ್ಯದಲ್ಲಿ ಹೆಸರು ಕಾಣದಿದ್ದರೆ ಅದು ಸವೆದುಹೋಗಿದೆ ಎಂದು ಹೇಳುವಂತಿಲ್ಲ. ಬಹಳ ಸಲ ಅದು ಮೊದಲಿನಿಂದಲೂ ಮೂಡಿಯೇ ಇರುವುದಿಲ್ಲ. ಸವೆತವನ್ನೂ ಅಚ್ಚಿನ ಸೋಲನ್ನೂ ಬೇರೆ ಬೇರೆಯಾಗಿ ಗುರುತಿಸಲು ಕಲಿಯುವುದು ಈ ಹವ್ಯಾಸದ ಮೊದಲ ಪಾಠ. ಸವೆದ ಜಾಗ ನುಣುಪಾಗಿ ಹೊಳೆಯುತ್ತದೆ. ಮೂಡದ ಜಾಗದಲ್ಲಿ ಬಿಲ್ಲೆಯ ಮೂಲದ ಒರಟುತನ ಹಾಗೆಯೇ ಇರುತ್ತದೆ. ಇದನ್ನು ನನ್ನ ವೃತ್ತಿಯಲ್ಲಿ ಮೊದಲೇ ಕಲಿತಿದ್ದೆ, ಏಕೆಂದರೆ ತಿಕ್ಕಿ ಸವೆದ ಹಲ್ಲಿಗೂ ಹುಟ್ಟಿನಿಂದಲೇ ಎನಾಮಲ್ ಸರಿಯಾಗಿ ಕೂಡದ ಹಲ್ಲಿಗೂ ಇರುವ ವ್ಯತ್ಯಾಸ ಇಂಥದ್ದೇ.

ಚಿನ್ನದ ನಾಣ್ಯದ ಹೆಸರು ಹೈಪರ್ಪೈರನ್. ಕನ್ನಡದಲ್ಲಿ ಹೇಳುವುದಾದರೆ ಪುಟಕ್ಕಿಟ್ಟ ಚಿನ್ನ. ಅಲೆಕ್ಸಿಯೊಸನ ಕಾಲದಲ್ಲಿ ಅದು ಇಪ್ಪತ್ತೂವರೆ ಕ್ಯಾರೆಟ್ಟಿನದಾಗಿತ್ತು, ತೂಕ ಸುಮಾರು 4.4 ಗ್ರಾಂ. 1204ರಲ್ಲಿ ನಾಲ್ಕನೇ ಧರ್ಮಯುದ್ಧಕ್ಕೆಂದು ಹೊರಟ ಪಶ್ಚಿಮ ಯುರೋಪಿನ ಸೈನಿಕರು ಕಾನ್‌ಸ್ಟಾಂಟಿನೋಪಲ್ ನಗರವನ್ನೇ ಕೊಳ್ಳೆ ಹೊಡೆದರು; ಆ ನಗರದ ಕಂಚಿನ ಪ್ರತಿಮೆಗಳನ್ನು ನಾಣ್ಯ ಮಾಡಲು ಕರಗಿಸಿದರೆಂದು ನಿಕೆಟಾಸ್ ಖೋನಿಯಾಟೆಸ್ ಎಂಬ ಅಂದಿನ ಇತಿಹಾಸಕಾರ ಬರೆದಿದ್ದಾನೆ. ಗಡಿಪಾರಾದ ರಾಜ್ಯ ಈಗಿನ ತುರ್ಕಿಯಲ್ಲಿರುವ ನೈಸಿಯಾದಲ್ಲಿ ಐವತ್ತೇಳು ವರ್ಷ ಉಸಿರು ಹಿಡಿದುಕೊಂಡಿತ್ತು. 1261ರ ಜುಲೈ 25ರಂದು ಎಂಟನೇ ಮೈಕೇಲ್ ಪಾಲಿಯೊಲೊಗೊಸ್‌ನ ಸೇನೆ ನಗರವನ್ನು ಮರಳಿ ಪಡೆದ ಮೇಲೆ ಅವನು ಹೊಡೆಸಿದ ಹೈಪರ್ಪೈರನ್ ನನ್ನ ಮಟ್ಟಿಗೆ ಈ ಇಡೀ ಕಾಲದ ಅತ್ಯಂತ ಸುಂದರವಾದ ನಾಣ್ಯ. ಉಬ್ಬಿದ ಬದಿಯಲ್ಲಿ ನಗರದ ಕೋಟೆ ಗೋಡೆ ಸುತ್ತಲೂ ಬಳಸಿದೆ, ಅದರ ನಡುವೆ ಮರಿಯಮ್ಮ ಎರಡೂ ಕೈ ಎತ್ತಿ ಪ್ರಾರ್ಥಿಸುತ್ತಿದ್ದಾಳೆ. ತಗ್ಗಿನ ಬದಿಯಲ್ಲಿ ಮೈಕೇಲ್ ಮಂಡಿಯೂರಿದ್ದಾನೆ. ಅವನ ಹೆಸರಿನ ದೇವದೂತ ಹಿಂದೆ ನಿಂತು ಅವನನ್ನು ಕ್ರಿಸ್ತನ ಮುಂದೆ ನಿಲ್ಲಿಸುತ್ತಿದ್ದಾನೆ. ಅದಕ್ಕೂ ಮೊದಲು ಚಿನ್ನದ ನಾಣ್ಯದಲ್ಲಿ ಚಕ್ರವರ್ತಿ ನೆಟ್ಟಗೆ ನಿಂತು ಕಿರೀಟ ಹಾಕಿಸಿಕೊಳ್ಳುತ್ತಿದ್ದ. ನಗರ ಕೈಗೆ ಮರಳಿದ್ದು ತನ್ನ ತೋಳಬಲದಿಂದಲ್ಲ, ದೇವರ ದಯೆಯಿಂದ ಎಂದು ಅವನು ಹಣದ ಮೇಲೆಯೇ ಬರೆಸಿದಂತಾಯಿತು.

ಅದೇ ನಾಣ್ಯದಲ್ಲಿ ಚಿನ್ನ ಕಡಿಮೆಯಾಯಿತು ಎಂಬುದನ್ನು ಅವನ ಕಾಲದವನೇ ಆದ ಇತಿಹಾಸಕಾರ ಪಾಖಿಮೆರೆಸ್ ದಾಖಲಿಸಿದ್ದಾನೆ. ನೈಸಿಯಾದ ದೊರೆ ಮೂರನೇ ಜಾನ್‌ನ ಕಾಲದಲ್ಲಿ ಮೂರರಲ್ಲಿ ಎರಡು ಪಾಲು ಚಿನ್ನವಿತ್ತು, ಅಂದರೆ ಹದಿನಾರು ಕ್ಯಾರೆಟ್. ಮೈಕೇಲ್ ನಗರದ ಚಿತ್ರವನ್ನು ಹಾಕಿಸಿದಾಗ ಅದು ಹದಿನೈದಾಯಿತು. ಅವನ ಮಗ ಎರಡನೇ ಆಂಡ್ರೊನಿಕೊಸ್‌ನ ಕಾಲದಲ್ಲಿ ಹದಿನಾಲ್ಕಕ್ಕೆ ಇಳಿದು, ಆಮೇಲೆ ಅರ್ಧಕ್ಕರ್ಧ ಬೆರಕೆಯಾಯಿತು. ನನ್ನಲ್ಲಿರುವ ಒಂದೇ ಒಂದು ಚಿನ್ನದ ನಾಣ್ಯ ಆ ಕೊನೆಯ ಹಂತದ್ದು. ಅದರಲ್ಲಿ ಕ್ರಿಸ್ತನ ಎರಡೂ ಪಕ್ಕದಲ್ಲಿ ಆಂಡ್ರೊನಿಕೊಸ್ ಮತ್ತು ಅವನ ಮಗ ಒಂಬತ್ತನೇ ಮೈಕೇಲ್ ಮಂಡಿಯೂರಿರುವುದರಿಂದ 1294 ಮತ್ತು 1320ರ ನಡುವಿನದೆಂದು ಮೊದಲ ನೋಟಕ್ಕೇ ಹೇಳಬಹುದು. ಇನ್ನೂ ಹತ್ತಿರ ಹೋಗಬೇಕಾದರೆ ಕೋಟೆಯ ಬುರುಜುಗಳನ್ನು ಎಣಿಸಬೇಕು. ಮೊದಲು ಆರು ಗುಂಪು ಬುರುಜುಗಳಿರುತ್ತಿದ್ದವು, ಈ ಜಂಟಿ ಆಳ್ವಿಕೆಯೊಳಗೇ ಈಚೆಗೆ ಬಂದ ನಾಣ್ಯಗಳಲ್ಲಿ ನಾಲ್ಕಕ್ಕೆ ಇಳಿದವು. ನನ್ನದರಲ್ಲಿ ನಾಲ್ಕು. ಊರಿನಿಂದ ತಂದ ನನ್ನ ಬಳೆಗಳ ಪಕ್ಕದಲ್ಲಿ ಇಟ್ಟರೆ ಅದರ ಬಣ್ಣ ಒಣಹುಲ್ಲಿನಂತೆ ಬಿಳಿಚಿಕೊಂಡು ಕಾಣುತ್ತದೆ. ಅಂಚು ಮೂರು ಕಡೆ ಸೀಳಿದೆ. ಒರೆಗಲ್ಲಿಗೆ ಹಚ್ಚಿ ನೋಡಬೇಕಾದ ಅಗತ್ಯವೇ ಇಲ್ಲ. 1350ರ ದಶಕದ ಆರಂಭದಲ್ಲಿ ಚಿನ್ನದ ಅಚ್ಚು ನಿಂತೇಹೋಯಿತು. ಅದಕ್ಕೂ ಮೊದಲು, 1343ರಲ್ಲಿ, ರಾಣಿ ಅನ್ನಾ ಕಿರೀಟದ ರತ್ನಗಳನ್ನು 30,000 ಡುಕಾಟ್ ಸಾಲಕ್ಕೆ ವೆನಿಸ್‌ನವರಲ್ಲಿ ಅಡವಿಟ್ಟಿದ್ದಳು. ಅವು ಮರಳಿ ಬರಲಿಲ್ಲ. ನಮ್ಮ ತುಂಗಭದ್ರೆಯ ದಡದಲ್ಲಿ ವಿಜಯನಗರದ ವರಹ ಹುಟ್ಟಿಕೊಂಡದ್ದು ಸರಿಸುಮಾರು ಇದೇ ಕಾಲದಲ್ಲಿ. ಒಂದು ಕಡೆ ಚಿನ್ನದ ಹಣ ಮುಗಿದುಹೋಗುತ್ತಿದ್ದಾಗ ಇನ್ನೊಂದು ಕಡೆ ಅದು ಎರಡು ಶತಮಾನಗಳ ಬಾಳಿಗೆ ಸಿದ್ಧವಾಗುತ್ತಿತ್ತು ಎಂಬುದು, ಹಾನಗಲ್ ಸೀಮೆಯಲ್ಲಿ ಬೆಳೆದ ನನಗೆ, ಎರಡೂ ನಾಣ್ಯಗಳನ್ನು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ನೋಡಿದ ದಿನ ಮನಸ್ಸಿಗೆ ತಟ್ಟಿತು.

ಬೆಳ್ಳಿಯ ಕಥೆಯನ್ನು ಚಿಕ್ಕದಾಗಿ ಹೇಳಿದರೆ ಸಾಕು, ಏಕೆಂದರೆ ಬೆಳ್ಳಿಯ ನಾಣ್ಯಗಳನ್ನು ಗುರುತಿಸುವುದು ಅಷ್ಟು ಕಷ್ಟವಲ್ಲ. 1304ರ ಸುಮಾರಿಗೆ ಆಂಡ್ರೊನಿಕೊಸ್ ಬಾಸಿಲಿಕಾನ್ ಎಂಬ ಚಪ್ಪಟೆ ಬೆಳ್ಳಿ ನಾಣ್ಯವನ್ನು ತಂದ. ಹನ್ನೆರಡಕ್ಕೆ ಒಂದು ಹೈಪರ್ಪೈರನ್. ಅದು ವೆನಿಸ್‌ನ ಗ್ರೋಸೊ ನಾಣ್ಯದ ತೂಕವನ್ನೂ ಚಿತ್ರದ ಜೋಡಣೆಯನ್ನೂ ಅನುಸರಿಸಿದ್ದು: ಒಂದು ಬದಿಗೆ ಪೀಠದ ಮೇಲೆ ಕುಳಿತ ಕ್ರಿಸ್ತ, ಇನ್ನೊಂದು ಬದಿಗೆ ಉದ್ದ ಕೋಲನ್ನು ಜೊತೆಯಾಗಿ ಹಿಡಿದು ನಿಂತ ಇಬ್ಬರು. ವೆನಿಸ್‌ನವರಲ್ಲಿ ಆ ಇಬ್ಬರು ಸಂತ ಮಾರ್ಕ್ ಮತ್ತು ಡೋಜ್, ಅಂದರೆ ವೆನಿಸ್ ನಗರದ ಚುನಾಯಿತ ಒಡೆಯ. ಇಲ್ಲಿ ಇಬ್ಬರು ಚಕ್ರವರ್ತಿಗಳು. ಗ್ರೋಸೊ ನಾಣ್ಯವನ್ನು ಆರಂಭಿಸಿದವನು ಡೋಜ್ ಎನ್ರಿಕೊ ಡಾಂಡೊಲೊ. 1204ರಲ್ಲಿ ಕಾನ್‌ಸ್ಟಾಂಟಿನೋಪಲ್ ಮೇಲೆ ಏರಿಹೋದವರ ಮುಂಚೂಣಿಯಲ್ಲಿದ್ದವನೂ ಅವನೇ. ನೂರು ವರ್ಷಗಳ ನಂತರ ಅದೇ ನಗರದ ಚಕ್ರವರ್ತಿ ತನ್ನ ಹಣವನ್ನು ಅವನ ಹಣದ ಮಾದರಿಯಲ್ಲಿ ಹೊಡೆಸಬೇಕಾಯಿತು ಎಂಬುದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. 1367ರ ಹೊತ್ತಿಗೆ ಬಂದದ್ದು ಸ್ಟಾವ್ರಾಟನ್, ಸುಮಾರು ಎಂಟೂವರೆ ಗ್ರಾಂ ತೂಕದ ದಪ್ಪ ಬೆಳ್ಳಿ. ಅದರ ಅರ್ಧ ಮತ್ತು ಎಂಟನೇ ಒಂದು ಭಾಗದ ನಾಣ್ಯಗಳೂ ಇದ್ದವು. ಸ್ಟಾವ್ರಾಟನ್‌ನಲ್ಲಿ ಚಕ್ರವರ್ತಿಯ ಮುಖದ ಸುತ್ತ ಎರಡು ಸುತ್ತು ಬರಹವಿದ್ದು, ದೇವರ ಕೃಪೆಯಿಂದ ಒಡೆಯನಾದ ಪಾಲಿಯೊಲೊಗೊಸ್ ಎಂದೂ ರೋಮನ್ನರ ಚಕ್ರವರ್ತಿ ಎಂದೂ ಓದಬಹುದು. ನಗರದ ಗೋಡೆಯಾಚೆ ಹೆಚ್ಚೇನೂ ಉಳಿಯದ ದಿನಗಳಲ್ಲಿಯೂ ಅವರು ತಮ್ಮನ್ನು ರೋಮನ್ನರೆಂದೇ ಕರೆದುಕೊಂಡರು.

ನಿಜವಾದ ಕೆಲಸ ಇರುವುದು ತಾಮ್ರದಲ್ಲಿ. ತಾಮ್ರದ ನಾಣ್ಯ ಕೈಗೆ ಬಂದಾಗ ನಾನು ಮೊದಲು ಅದನ್ನು ಮೇಜಿನ ಮೇಲೆ ಇಡುತ್ತೇನೆ. ಅದು ಅಲುಗಾಡಿದರೆ ಬಟ್ಟಲು, ಕುಳಿತರೆ ಚಪ್ಪಟೆ. ಬಟ್ಟಲಾದರೆ ಹದಿನಾಲ್ಕನೇ ಶತಮಾನದ ನಡುಭಾಗದ ಆಚೆಗೆ ಹೋಗುವುದಿಲ್ಲ; ಚಪ್ಪಟೆಯಾಗಿದ್ದು ಪಾಲಿಯೊಲೊಗೊಸ್ ಕಾಲದ ಲಕ್ಷಣಗಳಿದ್ದರೆ ಹದಿಮೂರನೇ ಶತಮಾನದ ಕೊನೆಯಲ್ಲಿ ಶುರುವಾದ ಅಸ್ಸಾರಿಯನ್ ಇರಬಹುದು, ಇಲ್ಲವೇ ಅದಕ್ಕೂ ಈಚಿನ ಸಣ್ಣ ಕಾಸು ಇರಬಹುದು. ಆಮೇಲೆ ಸಂತನನ್ನು ನೋಡುತ್ತೇನೆ, ಏಕೆಂದರೆ ಈ ನಾಣ್ಯಗಳಲ್ಲಿ ಊರನ್ನು ಹೇಳುವವನು ಸಂತ. ಗಡ್ಡವಿಲ್ಲದ ತರುಣ, ಕೈಯಲ್ಲಿ ಈಟಿ ಅಥವಾ ಕತ್ತಿ ಇದ್ದರೆ ಡಿಮಿಟ್ರಿಯೊಸ್. ಅವನು ಈಗಿನ ಗ್ರೀಸಿನಲ್ಲಿರುವ ಥೆಸಲೊನೀಕಿ ನಗರದ ಕಾವಲು ದೈವ, ನಮ್ಮ ಊರುಗಳಿಗೆ ಗ್ರಾಮದೇವತೆ ಇದ್ದಂತೆ. ಪಕ್ಕದಲ್ಲಿ ಲಿಲ್ಲಿ ಹೂವಿದ್ದರೆ ಅವನು ನೈಸಿಯಾದ ಟ್ರಿಫೋನ್ ಇರಬೇಕು, ಆಗ ಆ ನಾಣ್ಯ 1254ರಿಂದ 1258ರವರೆಗೆ ಆಳಿದ ಎರಡನೇ ಥಿಯೊಡೋರ್ ಲಾಸ್ಕರಿಸ್‌ನ ಕಡೆಗೆ ಬೊಟ್ಟು ಮಾಡುತ್ತದೆ. ಯೂಜೀನಿಯೊಸ್ ಕಾಣಿಸಿಕೊಂಡರೆ ಕಪ್ಪು ಸಮುದ್ರದ ದಡದ ಟ್ರೆಬಿಜಾಂಡ್. ಆ ರಾಜ್ಯ ಕಾನ್‌ಸ್ಟಾಂಟಿನೋಪಲ್ ಬಿದ್ದ ಮೇಲೂ 1461ರವರೆಗೆ ಉಳಿದಿತ್ತು, ಅದರ ಬೆಳ್ಳಿ ನಾಣ್ಯಗಳಲ್ಲಿ ದೊರೆಯೂ ಸಂತನೂ ಕುದುರೆ ಏರಿ ಬರುತ್ತಾರೆ. ಥೆಸಲೊನೀಕಿಯ ಕಮ್ಮಟದವರ ಕಲ್ಪನೆ ಎಲ್ಲರಿಗಿಂತ ಧಾರಾಳ. ಅವರು ಚಕ್ರವರ್ತಿಗೆ ರೆಕ್ಕೆ ಮೂಡಿಸಿದ್ದಾರೆ, ನಾಣ್ಯದ ತುಂಬ ಒಂದೇ ದೊಡ್ಡ ಲಿಲ್ಲಿ ಹೂವನ್ನೋ ನಕ್ಷತ್ರವನ್ನೋ ಬಿಡಿಸಿದ್ದಾರೆ.

ಚಕ್ರವರ್ತಿಯ ವೇಷಭೂಷಣವೂ ಸಾಕ್ಷಿ ಹೇಳುತ್ತದೆ. ಒಬ್ಬನೇ ನಿಂತಿದ್ದಾನೋ ಇಬ್ಬರೋ, ಕೈಯಲ್ಲಿ ಬಾವುಟದ ಕೋಲೋ ಶಿಲುಬೆಯ ಗೋಳವೋ, ರತ್ನಖಚಿತ ಉದ್ದ ಪಟ್ಟಿಯನ್ನು ಮೈಗೆ ಸುತ್ತಿಕೊಂಡಿದ್ದಾನೋ ಅಥವಾ ಭುಜಕ್ಕೆ ಗುಂಡಿ ಹಾಕಿದ ನಿಲುವಂಗಿಯೋ ಎಂದು ಒಂದೊಂದನ್ನೂ ಚೀಟಿಯ ಮೇಲೆ ಬರೆದುಕೊಂಡ ಮೇಲೆಯೇ ನಾನು ಅಕ್ಷರಗಳ ಕಡೆಗೆ ಹೋಗುವುದು. ಮೊದಲೇ ಅಕ್ಷರ ಓದಲು ಹೊರಟರೆ ಕಣ್ಣು ತನಗೆ ಬೇಕಾದ ಹೆಸರನ್ನು ಕಟ್ಟಿಕೊಳ್ಳುತ್ತದೆ. ನನಗೆ ಆದದ್ದೂ ಹಾಗೆಯೇ.

ಐದು ವರ್ಷಗಳ ಹಿಂದೆ ಒಂದು ನಾಣ್ಯ ಮೇಳದಲ್ಲಿ ತಾಮ್ರದ ಟ್ರಾಖಿಯೊಂದನ್ನು ಕೊಂಡೆ. ವ್ಯಾಪಾರಿಯ ಚೀಟಿಯಲ್ಲಿ ಎರಡನೇ ಆಂಡ್ರೊನಿಕೊಸ್, ಥೆಸಲೊನೀಕಿ ಎಂದಿತ್ತು. ತೂಕ 1.63 ಗ್ರಾಂ, ಅಡ್ಡಳತೆ 22 ಮಿಲಿಮೀಟರ್. ಉಬ್ಬಿದ ಬದಿಯಲ್ಲಿ ಗುಂಗುರು ಕೂದಲಿನ ಡಿಮಿಟ್ರಿಯೊಸ್ ಸ್ಪಷ್ಟವಾಗಿದ್ದ. ತಗ್ಗಿನ ಬದಿಯಲ್ಲಿ ನಿಂತ ಚಕ್ರವರ್ತಿ. ಬಲಗೈಯಲ್ಲಿ ಕೋಲು, ಎಡಗೈಯಲ್ಲಿ ಶಿಲುಬೆಯ ಗೋಳ. ಬಲಭಾಗಕ್ಕೆ ಮೇಲಿನಿಂದ ಕೆಳಕ್ಕೆ ಎರಡು ಅಕ್ಷರಗಳಿದ್ದವು, ಪೈ ಮತ್ತು ಆಲ್ಫಾ. ಅದು ಪಾಲಿಯೊಲೊಗೊಸ್ ಎಂಬ ಮನೆತನದ ಹೆಸರಿನ ಆರಂಭ. ಮೈಕೇಲ್‌ನೂ ಅದೇ ಮನೆತನದವನು, ಆಂಡ್ರೊನಿಕೊಸ್‌ನೂ ಅದೇ ಮನೆತನದವನು, ಹಾಗಾಗಿ ಅದರಿಂದ ಏನೂ ಇತ್ಯರ್ಥವಾಗಲಿಲ್ಲ. ಎಡಭಾಗದಲ್ಲಿ, ಪೆಟ್ಟು ಸೋತ ಕಡೆ, ಒಂದು ಅಕ್ಷರದ ಕೆಳಗಿನ ಅರ್ಧ ಮಾತ್ರ ಉಳಿದಿತ್ತು: ನೆಟ್ಟಗಿನ ಎರಡು ಕಂಬ, ಅವುಗಳ ನಡುವೆ ಏನೋ ಒಂದು ಓರೆ ಗೀಟಿನ ಸುಳಿವು. ಗ್ರೀಕಿನ ನು ಅಕ್ಷರಕ್ಕೂ ಎರಡು ಕಂಬ, ಮು ಅಕ್ಷರಕ್ಕೂ ಎರಡು ಕಂಬ. ನು ಅಕ್ಷರದ ಓರೆ ಗೀಟು ಬಲಗಂಬದ ಬುಡಕ್ಕೆ ಬಂದು ಸೇರುತ್ತದೆ; ಮು ಅಕ್ಷರದಲ್ಲಿ ಎರಡು ಓರೆ ಗೀಟುಗಳು ನಡುವಿನಲ್ಲಿ ಕೂಡುತ್ತವೆ. ನು ಆದರೆ ಆಂಡ್ರೊನಿಕೊಸ್, ಮು ಆದರೆ ಮೈಕೇಲ್. ಚೀಟಿಯಲ್ಲಿ ಆಂಡ್ರೊನಿಕೊಸ್ ಎಂದು ಬರೆದಿತ್ತಾದ್ದರಿಂದ ನನಗೆ ನು ಕಂಡಿತು. ಮೂರು ವರ್ಷ ಹಾಗೆಯೇ ಕಾಣುತ್ತಿತ್ತು.

ಆ ದಿನಗಳಲ್ಲಿ ಅಪ್ಪನಿಗೆ ಅದರ ಚಿತ್ರ ಕಳಿಸಿದ್ದೆ. ಅಪ್ಪ ನಿವೃತ್ತ ಶಾಲಾ ಮಾಸ್ತರರು. ನಮ್ಮ ಊರಿನ ಹತ್ತಿರದ ಅಕ್ಕಿಆಲೂರಿನಲ್ಲಿ ಹಿಂದೆ ರೋಮನ್ ಹಾಗೂ ಆರಂಭಕಾಲದ ಬೈಜಾಂಟೈನ್ ಚಿನ್ನದ ನಾಣ್ಯಗಳ ನಿಧಿ ಸಿಕ್ಕಿದ್ದನ್ನು ಅವರು ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತಿದ್ದರು. ಫೋನಿನಲ್ಲಿ ಅವರು ಕೇಳಿದ ಮೊದಲ ಮಾತು, "ಇದು ಯಾವ ರಾಜಂದವ್ವಾ?"

"ಆಂಡ್ರೊನಿಕೊಸ್ ಅಂತ ಒಬ್ಬಾಂವ, ಅಪ್ಪಾ."

"ಹೆಸರ ಅದರಾಗ ಕಾಣ್ತದೇನು? ಇಲ್ಲಾ, ಮಾರಿದಾಂವ ಹೇಳಿದ್ದೋ?"

ಆ ಪ್ರಶ್ನೆಗೆ ನಾನು ಕೂಡಲೇ ಉತ್ತರ ಕೊಡಲಿಲ್ಲ. ರಾತ್ರಿ ಮನೆಯ ದೀಪಗಳನ್ನೆಲ್ಲ ಆರಿಸಿ, ಮೇಜಿನ ದೀಪವೊಂದನ್ನೇ ನಾಣ್ಯದ ಮಟ್ಟಕ್ಕೆ ಇಳಿಸಿ, ಕ್ಲಿನಿಕ್ಕಿನಲ್ಲಿ ಬಳಸುವ ಭೂತಗನ್ನಡಕ ಹಾಕಿಕೊಂಡು ಕುಳಿತೆ. ಬೆಳಕು ಅಡ್ಡಲಾಗಿ ಬಿದ್ದಾಗ ನೇರ ಬೆಳಕಿನಲ್ಲಿ ಕಾಣದ ಏರುಗಳು ನೆರಳಿನಿಂದ ಕಾಣಿಸಿಕೊಳ್ಳುತ್ತವೆ. ನಾಣ್ಯವನ್ನು ಗಡಿಯಾರದ ಮುಳ್ಳಿನಂತೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ, ಪ್ರತಿ ತಿರುವಿಗೂ ಕಂಡದ್ದನ್ನಷ್ಟೇ ಪೆನ್ಸಿಲಿನಲ್ಲಿ ಬಿಡಿಸಿದೆ. ಹನ್ನೆರಡು ಚಿತ್ರಗಳಲ್ಲಿ ಏಳರಲ್ಲಿ ಓರೆ ಗೀಟು ಬಲಗಂಬವನ್ನು ಮುಟ್ಟಲಿಲ್ಲ. ಅಲ್ಲಿಗೆ ಅದು ಮು ಎಂದು ಸಾಬೀತಾಗಲಿಲ್ಲ. ಆದರೆ ನು ಎಂದು ಹೇಳುವ ಹಕ್ಕು ನನಗೆ ಉಳಿಯಲಿಲ್ಲ. ಚೀಟಿಯನ್ನು ಬದಲಿಸಿ, ಥೆಸಲೊನೀಕಿ, 1261ರ ನಂತರ, ಎಂಟನೇ ಮೈಕೇಲ್ ಅಥವಾ ಎರಡನೇ ಆಂಡ್ರೊನಿಕೊಸ್ ಎಂದು ಬರೆದಿಟ್ಟೆ. ಈ ಕಾಲದ ನಾಣ್ಯ ಕೂಡಿಸುವವರಿಗೆ "ಅಥವಾ" ಎಂಬ ಮಾತನ್ನು ಬರೆಯಲು ಧೈರ್ಯ ಬೇಕು. ಹೆಸರು ಖಚಿತವಾದರೆ ಬೆಲೆ ಏರುತ್ತದೆ ಎಂಬ ಕಾರಣಕ್ಕೆ ಮಾರುವವರು ಹೆಸರು ಹಚ್ಚುತ್ತಾರೆ, ಕೊಂಡವರು ಅದನ್ನೇ ನಂಬುತ್ತಾರೆ, ಹತ್ತು ವರ್ಷದ ನಂತರ ಅದೇ ಚೀಟಿ ಮತ್ತೊಬ್ಬರಿಗೆ ಆಧಾರವಾಗುತ್ತದೆ. ತಪ್ಪು ಹೀಗೆ ಕೈಯಿಂದ ಕೈಗೆ ದಾಟುತ್ತದೆ.

ಇಲ್ಲಿ ನನ್ನ ಮೊದಲ ವರ್ಷದ ಒಂದು ನಷ್ಟವನ್ನೂ ಹೇಳಬೇಕು, ಏಕೆಂದರೆ ಹೊಸಬರು ನಮ್ಮ ಮನೆಗಳ ಅಭ್ಯಾಸದಿಂದಲೇ ಇದನ್ನು ಮಾಡುವ ಸಾಧ್ಯತೆ ಇದೆ. ಕಿಲುಬು ಹಿಡಿದ ಅಸ್ಸಾರಿಯನ್ ಒಂದನ್ನು, ಅಜ್ಜಿ ತಾಮ್ರದ ಹಂಡೆ ಬೆಳಗುತ್ತಿದ್ದ ಹಾಗೆ, ನೆನೆಸಿದ ಹುಣಸೆಹಣ್ಣು ಮತ್ತು ಉಪ್ಪು ಹಚ್ಚಿ ತಿಕ್ಕಿದೆ. ಎರಡು ನಿಮಿಷದಲ್ಲಿ ಅದು ಹೊಸ ತಾಮ್ರದಂತೆ ಕೆಂಪಗೆ ಹೊಳೆಯಿತು, ಚಕ್ರವರ್ತಿ ಕಾಣೆಯಾದ. ಏಳುನೂರು ವರ್ಷ ಮಣ್ಣಿನಲ್ಲಿದ್ದ ತಾಮ್ರದಲ್ಲಿ ಹೊರಮೈ ಪೂರ್ತಿ ಬದಲಾಗಿರುತ್ತದೆ; ಅಕ್ಷರಗಳು ಉಳಿದಿರುವುದು ಲೋಹದಲ್ಲಿ ಅಲ್ಲ, ಲೋಹ ಮಾರ್ಪಟ್ಟು ಆದ ಆ ಹಸಿರು ಪದರದಲ್ಲಿ. ಹುಳಿ ಅದನ್ನು ಕರಗಿಸಿದರೆ ಬರಹವೂ ಅದರ ಜೊತೆಗೆ ಕರಗುತ್ತದೆ. ಈಗ ನಾನು ಬಟ್ಟಿ ಇಳಿಸಿದ ನೀರಿನಲ್ಲಿ ವಾರಗಟ್ಟಲೆ ನೆನೆಸುತ್ತೇನೆ, ನೀರನ್ನು ಆಗಾಗ ಬದಲಿಸುತ್ತೇನೆ, ಸಡಿಲವಾದ ಮಣ್ಣನ್ನು ಮರದ ಕಡ್ಡಿಯಿಂದ ಎಬ್ಬಿಸುತ್ತೇನೆ. ಗಟ್ಟಿಯಾದ ಕಡು ಹಸಿರು ಇದ್ದರೆ ಇರಲಿ. ತಿಳಿ ಹಸಿರಿನ ಪುಡಿ ಉದುರುತ್ತಿದ್ದರೆ ಮಾತ್ರ ಚಿಂತೆ; ಅದು ತಾಮ್ರವನ್ನು ಒಳಗಿನಿಂದ ತಿನ್ನುವ ರೋಗ, ಅಂಥ ನಾಣ್ಯವನ್ನು ಬೇರೆಯಾಗಿ ಒಣ ಡಬ್ಬಿಯಲ್ಲಿಡಬೇಕು.

ನಕಲಿಗಳ ಬಗ್ಗೆ ಒಂದು ಮಾತು. ಕೊನೆಯ ಚಕ್ರವರ್ತಿ ಹನ್ನೊಂದನೇ ಕಾನ್‌ಸ್ಟಾಂಟೈನ್ 1449ರಿಂದ 1453ರ ಮೇ 29ರವರೆಗೆ ಆಳಿದ. ಮುತ್ತಿಗೆಯ ದಿನಗಳಲ್ಲಿ ಸೈನಿಕರಿಗೆ ಕೊಡಲು ಹಣವಿಲ್ಲದೆ, ಚರ್ಚುಗಳ ಪೂಜಾಪಾತ್ರೆಗಳನ್ನು ಕರಗಿಸಿ ನಾಣ್ಯ ಹೊಡೆಸಿದನೆಂದು ಆಗ ನಗರದಲ್ಲಿಯೇ ಇದ್ದ ಖಿಯೋಸ್‌ನ ಲಿಯೊನಾರ್ಡ್ ಬರೆದಿದ್ದಾನೆ. ಆದರೂ ಬಹಳ ಕಾಲ ಅವನ ಹೆಸರಿನ ಒಂದು ನಾಣ್ಯವೂ ವಿದ್ವಾಂಸರ ಕೈಗೆ ಸಿಕ್ಕಿರಲಿಲ್ಲ. ಮೊದಲನೆಯದು ಪ್ರಕಟವಾದದ್ದು 1974ರಲ್ಲಿ; ಅದನ್ನು ಗುರುತಿಸಿದವರು ಇಂಗ್ಲೆಂಡಿನ ಸೈಮನ್ ಬೆಂಡಾಲ್. ನಂತರ ಒಂದು ನಿಧಿಯಿಂದ ಇನ್ನಷ್ಟು ಬಂದವು, ಬಹುಪಾಲು ಬೆರಳ ತುದಿಯ ಗಾತ್ರದ ಎಂಟನೇ ಒಂದು ಭಾಗದ ಸ್ಟಾವ್ರಾಟನ್‌ಗಳು. ಇಷ್ಟು ಅಪರೂಪದ, ಇಷ್ಟು ಭಾರವಾದ ಕಥೆಯುಳ್ಳ ನಾಣ್ಯಕ್ಕೆ ನಕಲಿ ಹುಟ್ಟದೇ ಇರುತ್ತದೆಯೇ? ನನಗೂ ಒಮ್ಮೆ ಒಬ್ಬರು ತೋರಿಸಿದರು. ಚಿತ್ರ ಚೆನ್ನಾಗಿತ್ತು, ತೂಕವೂ ಹೊಂದುತ್ತಿತ್ತು, ಬೆಲೆ ನನ್ನ ಒಂದು ತಿಂಗಳ ಸಂಬಳವನ್ನು ಮೀರಿತ್ತು. ಕೊಳ್ಳುವ ಆಸೆಯಿಂದ ಕೈ ಚಾಚಿಯೇಬಿಟ್ಟಿದ್ದೆ. ಆಗ ಅದೇ ತಟ್ಟೆಯಲ್ಲಿದ್ದ ಇನ್ನೊಂದು ನಾಣ್ಯದ ಅಂಚಿನ ಬಿರುಕು ಕಣ್ಣಿಗೆ ಬಿತ್ತು. ಎರಡಕ್ಕೂ ಗಡ್ಡದ ಎಡಗಡೆಗೆ ಒಂದೇ ಜಾಗದಲ್ಲಿ, ಒಂದೇ ಉದ್ದದ, ಒಂದೇ ಕಡೆಗೆ ಬಾಗಿದ ಬಿರುಕು. ಕೈಯಿಂದ ಹೊಡೆದ ಎರಡು ನಾಣ್ಯಗಳಿಗೆ ಅಚ್ಚು ಒಂದೇ ಇರಬಹುದು. ಬಿಲ್ಲೆ ಬೇರೆಯಾದ್ದರಿಂದ ಬಿರುಕು ಒಂದೇ ಆಗಿರುವುದು ಸಾಧ್ಯವಿಲ್ಲ. ಬಿರುಕಿನ ಸಮೇತ ಮರುಕಳಿಸಿದ್ದರೆ ಅದು ನಾಣ್ಯವೊಂದರ ಪಡಿಯಚ್ಚು. ನಾನು ಎರಡನ್ನೂ ತಟ್ಟೆಗೆ ಮರಳಿಸಿ ಎದ್ದು ಬಂದೆ.

ಅಸಲಿ ನಾಣ್ಯದಲ್ಲೂ ಅದು ಎಲ್ಲಿಂದ ಬಂತು ಎಂಬುದನ್ನು ಕೇಳಬೇಕು. ತುರ್ಕಿಯ 1983ರ ಕಾನೂನಿನ ಪ್ರಕಾರ ಅಲ್ಲಿನ ನೆಲದಲ್ಲಿ ಸಿಕ್ಕಿದ ಪುರಾತನ ವಸ್ತುಗಳೆಲ್ಲ ಸರ್ಕಾರದ ಸ್ವತ್ತು. ಹಳೆಯ ಹರಾಜಿನ ದಾಖಲೆಯೋ ಹಿಂದಿನ ಸಂಗ್ರಹಕಾರರ ರಸೀದಿಯೋ ಇಲ್ಲದ ನಾಣ್ಯವನ್ನು ನಾನು ಈಗ ಕೊಳ್ಳುವುದಿಲ್ಲ. ಹೊಲದಲ್ಲಿ ಕದ್ದು ಅಗೆದು ತೆಗೆದ ನಾಣ್ಯ ತನ್ನ ಜೊತೆಗಾರ ನಾಣ್ಯಗಳನ್ನು ಕಳೆದುಕೊಂಡಿರುತ್ತದೆ. ಯಾವ ನಾಣ್ಯ ಯಾವುದರ ಜೊತೆ ಒಂದೇ ಗಡಿಗೆಯಲ್ಲಿತ್ತು ಎಂಬ ಮಾಹಿತಿಯಿಂದಲೇ ಹೆಸರು ಕಾಣದ ಎಷ್ಟೋ ಟ್ರಾಖಿಗಳ ಕಾಲ ನಿರ್ಧಾರವಾಗಿರುವುದು. ಗಡಿಗೆ ಒಡೆದು ಹಂಚಿಹೋದರೆ ಆ ದಾರಿ ಶಾಶ್ವತವಾಗಿ ಮುಚ್ಚುತ್ತದೆ.

ನನ್ನ 1.63 ಗ್ರಾಂ ಟ್ರಾಖಿಗೆ ಉತ್ತರ ಸಿಕ್ಕಿದ್ದು ಕಳೆದ ಚಳಿಗಾಲದಲ್ಲಿ. ಈ ಕಾಲದ ನಾಣ್ಯಗಳಿಗೆ ದೊಡ್ಡ ಆಧಾರವಾದ, 1999ರಲ್ಲಿ ಪ್ರಕಟವಾದ ಫಿಲಿಪ್ ಗ್ರಿಯರ್ಸನ್ ಅವರ, ಅಮೆರಿಕದ ಡಂಬಾರ್ಟನ್ ಓಕ್ಸ್ ಸಂಗ್ರಹದ ಕ್ಯಾಟಲಾಗನ್ನು ಎಷ್ಟು ಸಲ ತಿರುವಿದ್ದರೂ ನನ್ನ ಅನುಮಾನ ಹಾಗೆಯೇ ಉಳಿದಿತ್ತು, ಏಕೆಂದರೆ ಕ್ಯಾಟಲಾಗಿನ ಚಿತ್ರಗಳಲ್ಲೂ ನಾಣ್ಯಗಳು ಅರ್ಧವೇ ಮೂಡಿರುತ್ತವೆ. ಹಳೆಯ ಹರಾಜುಗಳ ಚಿತ್ರಗಳನ್ನು ರಾತ್ರಿ ಹೊತ್ತು ಒಂದೊಂದಾಗಿ ನೋಡುತ್ತಿದ್ದಾಗ ಒಂದು ನಾಣ್ಯದ ಬಳಿ ಕಣ್ಣು ನಿಂತಿತು. ಅದರಲ್ಲಿ ಬಲಭಾಗದ ಅಕ್ಷರಗಳು ಪೂರ್ತಿ ಸೋತಿದ್ದವು, ಎಡಭಾಗದವು ಚೆನ್ನಾಗಿ ಮೂಡಿದ್ದವು. ನನ್ನದಕ್ಕೆ ಸರಿಯಾಗಿ ವಿರುದ್ಧ. ಚಕ್ರವರ್ತಿಯ ಕಾಲಿನ ಬಳಿ ಅಂಚಿನ ಮುತ್ತಿನ ಸಾಲಿನಲ್ಲಿ ಮೂರು ಮುತ್ತುಗಳು ಒಂದಕ್ಕೊಂದು ಅಂಟಿ ಗೀಟಿನಂತಾಗಿದ್ದವು, ಗೋಳದ ಮೇಲಿನ ಶಿಲುಬೆಯ ಎಡತೋಳು ತುಂಡಾಗಿ ಚುಕ್ಕೆಯಾಗಿತ್ತು. ಎದ್ದುಹೋಗಿ ನನ್ನ ನಾಣ್ಯವನ್ನು ತಂದು ಪರದೆಯ ಪಕ್ಕಕ್ಕೆ ಹಿಡಿದೆ. ಅಂಟಿದ ಮೂರು ಮುತ್ತು ಅಲ್ಲಿಯೂ ಇದ್ದವು, ತುಂಡಾದ ತೋಳೂ ಇತ್ತು. ಎರಡೂ ಒಂದೇ ಅಚ್ಚಿನಿಂದ ಬಂದ ನಾಣ್ಯಗಳು. ಆ ಇನ್ನೊಂದರ ಎಡಭಾಗದಲ್ಲಿ ಎರಡು ಕಂಬಗಳ ನಡುವೆ ಎರಡು ಓರೆ ಗೀಟುಗಳು ಇಳಿದು ಬಂದು ಮಧ್ಯದಲ್ಲಿ ಕೂಡಿದ್ದವು, ಅದರ ಕೆಳಗೆ ಇಯೋಟಾ, ಅದರ ಕೆಳಗೆ ಖಿ ಅಕ್ಷರದ ಮೇಲಿನ ಎರಡು ತುದಿ.

ಆಗ ಊರಿನಲ್ಲಿ ಬೆಳಗಿನ ಐದೂವರೆ. ಅಪ್ಪ ಎದ್ದು ಬಾಗಿಲ ಮುಂದೆ ಕುಳಿತಿರುವ ಹೊತ್ತು.

"ಅಪ್ಪಾ, ಆ ನಾಣ್ಯ ಆಂಡ್ರೊನಿಕೊಸಂದಲ್ಲ. ಅವರಪ್ಪ ಮೈಕೇಲಂದು."

"ಹೆಸರ ಕಂಡ್ತೇನು?"

"ನನ್ನದರಾಗ ಅರ್ಧ, ಇನ್ನೊಂದರಾಗ ಅರ್ಧ."

ಹಳೆಯ ಎರಡು ಚೀಟಿಗಳನ್ನೂ ತೆಗೆಯದೆ, ಅವುಗಳ ಹಿಂದೆ ಮೂರನೆಯದನ್ನು ಸೇರಿಸಿದೆ: ಎಂಟನೇ ಮೈಕೇಲ್ ಪಾಲಿಯೊಲೊಗೊಸ್, ಥೆಸಲೊನೀಕಿ, ಎಡಭಾಗದ ಹೆಸರನ್ನು ಇದೇ ಅಚ್ಚಿನ ಇನ್ನೊಂದು ನಾಣ್ಯದಿಂದ ಓದಲಾಗಿದೆ.